ಮಾತು ಬಲ್ಲವರ ಮೌನ



ನಮ್ಮಲ್ಲಿ ಐವತ್ತು ದಾಟಿದವರಿಗೆಲ್ಲ ರೇಡಿಯೋ ಕಾಮೆಂಟರಿಯ ನೆನಪು ಇದ್ದೇ ಇರುತ್ತದೆ. ಮನೆಗೊಂದು ರೇಡಿಯೋ, ಅದಕ್ಕೊಂದು ಕಸೂತಿ ಹಾಕಿದ ಬಟ್ಟೆ. ಗಡಿಯ ಈಚೆ ಇರುವ ನಮ್ಮಂಥವರ ಮನೆಗಳಿಗೆ ಕನ್ನಡದ ವಾರ್ತೆ, ಕನ್ನಡದ ಹಾಡು ಬರುತ್ತಿದ್ದದ್ದೂ ಆ ಪೆಟ್ಟಿಗೆಯಿಂದಲೇ. ಟೆಸ್ಟ್ ಪಂದ್ಯವಿದ್ದ ದಿನ ಮಾತ್ರ ಅದು ಹುಡುಗರ ಪಾಲು. ಪಂದ್ಯ ನಡೆಯುವ ಮೈದಾನವನ್ನು ನಾವ್ಯಾರೂ ಕಣ್ಣಾರೆ ಕಂಡವರಲ್ಲ. ಆದರೂ ಚೆಂಡು ಬೌಂಡರಿ ಗೆರೆಯತ್ತ ಉರುಳಿ ಹೋಗುವುದು ನಮಗೆ ಕಾಣುತ್ತಿತ್ತು! ಹಾಗೆ ಕಾಣಿಸುತ್ತಿದ್ದವರು ವೀಕ್ಷಕ ವಿವರಣೆ ಕೊಡುವವರು. ಅವರ ಮುಖ ಹೇಗಿದೆಯೆಂದು ನಮಗೆ ಗೊತ್ತಿರಲಿಲ್ಲ, ದನಿ ಮಾತ್ರ ನಮ್ಮ ಮನೆಯವರದೇ ಎಂಬಷ್ಟು ಪರಿಚಿತ.

ಈ ತಿಂಗಳು ಅಂಥ ಒಬ್ಬರ ಕಥೆ ಹೇಳಬೇಕೆನಿಸಿದೆ. ಅವರು ನಮ್ಮ ದೇಶದವರಲ್ಲ. ಅವರು ವಿವರಿಸಿದ ಆಟವನ್ನು ನಮ್ಮ ಮಕ್ಕಳು ಆಡುವುದೂ ಇಲ್ಲ. ಅದು ಅಮೆರಿಕದ ಬೇಸ್‌ಬಾಲ್, ನಮ್ಮ ಕ್ರಿಕೆಟ್ಟಿಗೆ ದೂರದ ದಾಯಾದಿ ಎನ್ನಬಹುದಾದ ಆಟ. ಅವರ ಹೆಸರು ವಿನ್ ಸ್ಕಲಿ. 1950ರಿಂದ 2016ರವರೆಗೆ, ಒಟ್ಟು 67 ಋತುಗಳ ಕಾಲ, ಡಾಡ್ಜರ್ಸ್ ಎಂಬ ಒಂದೇ ತಂಡದ ಪಂದ್ಯಗಳನ್ನು ಅವರು ಜನರಿಗೆ ಹೇಳುತ್ತಾ ಬಂದರು. ಆ ಕೆಲಸಕ್ಕೆ ಕುಳಿತಾಗ ಅವರಿಗೆ 22 ವರ್ಷ, ಎದ್ದಾಗ 88. ಬಾಯಿತುಂಬ ಮಾತನಾಡುವುದೇ ಉದ್ಯೋಗವಾಗಿದ್ದ ಈ ಮನುಷ್ಯನನ್ನು ಜನ ಇಂದಿಗೂ ನೆನೆಯುವುದು ಮುಖ್ಯವಾಗಿ ಯಾವುದಕ್ಕೆ ಗೊತ್ತೆ? ಸರಿಯಾದ ಹೊತ್ತಿನಲ್ಲಿ ಅವರು ಸುಮ್ಮನಿದ್ದುದಕ್ಕೆ.

ರೇಡಿಯೋದ ಅಡಿಯಲ್ಲೊಬ್ಬ ಹುಡುಗ

ವಿನ್ ಸ್ಕಲಿ ಹುಟ್ಟಿದ್ದು 1927ರ ನವೆಂಬರ್ 29ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ತಾಯಿ ಐರಿಷ್ ಮೂಲದ ಕಥೋಲಿಕರು. ತಂದೆ ರೇಷ್ಮೆ ಬಟ್ಟೆಯ ಮಾರಾಟಗಾರ. ಮಗನಿಗೆ ನಾಲ್ಕು ವರ್ಷವಾಗಿದ್ದಾಗ ಅವರು ನ್ಯುಮೋನಿಯಾದಿಂದ ತೀರಿಕೊಂಡರು. ತಾಯಿ ಆಮೇಲೆ ಒಬ್ಬ ಇಂಗ್ಲಿಷ್ ನಾವಿಕನನ್ನು ಮದುವೆಯಾದರು. ಮಲತಂದೆಯನ್ನು ವಿನ್ ಕೊನೆಯವರೆಗೂ ಅಪ್ಪ ಎಂದೇ ಪ್ರೀತಿಯಿಂದ ನೆನೆದರು. ಸಿರಿವಂತಿಕೆಯ ಮನೆಯಲ್ಲ. ಹುಡುಗ ಬೆಳೆಯುತ್ತಾ ಕಾಗದಪತ್ರ ಹಂಚಿದ, ಸಿದ್ಧ ಉಡುಪುಗಳನ್ನು ನೇತುಹಾಕಿದ ಗಾಡಿ ತಳ್ಳಿದ, ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬೆಳ್ಳಿಯ ಪಾತ್ರೆಗಳನ್ನು ಉಜ್ಜಿದ.

ಅವರ ಮನೆಯಲ್ಲಿ ನಾಲ್ಕು ಕಾಲಿನ ಮೇಲೆ ನಿಲ್ಲುವ ಒಂದು ದೊಡ್ಡ ರೇಡಿಯೋ ಇತ್ತು. ಎಂಟು ವರ್ಷದ ವಿನ್ ಒಂದು ದಿಂಬು, ಒಂದಿಷ್ಟು ಬಿಸ್ಕತ್ತು, ಹಾಲು ತೆಗೆದುಕೊಂಡು ಆ ರೇಡಿಯೋದ ಅಡಿಗೆ ತೆವಳಿ ಹೋಗಿ ಮಲಗುತ್ತಿದ್ದ. ಧ್ವನಿಪೆಟ್ಟಿಗೆ ನೇರ ತಲೆಯ ಮೇಲೆ. ಎಲ್ಲೋ ದೂರದ ಎರಡು ಕಾಲೇಜುಗಳ ಫುಟ್‌ಬಾಲ್ ಪಂದ್ಯ. ಯಾರು ಗೆದ್ದರು, ಯಾರು ಸೋತರು ಎಂಬುದರಲ್ಲಿ ಅವನಿಗೆ ಆಸಕ್ತಿಯಿಲ್ಲ. ಅವನು ಕಾಯುತ್ತಿದ್ದದ್ದು ಜನರ ಕೂಗಿಗೆ. ಸಾವಿರಾರು ಮಂದಿ ಒಟ್ಟಾಗಿ ಹರ್ಷದಿಂದ ಕೂಗಿದಾಗ, ಆ ಸದ್ದು ಸ್ನಾನದ ನೀರಿನಂತೆ ತನ್ನ ಮೈಮೇಲೆ ಸುರಿಯುತ್ತಿತ್ತು ಎಂದು ಮುದಿವಯಸ್ಸಿನಲ್ಲೂ ಅವರು ಹೇಳುತ್ತಿದ್ದರು.

ಧರ್ಮಭಗಿನಿಯರು ನಡೆಸುತ್ತಿದ್ದ ಶಾಲೆಯಲ್ಲಿ ಒಮ್ಮೆ ಸಿಸ್ಟರ್ ಪ್ರಬಂಧ ಬರೆಯಲು ಹೇಳಿದರು: 'ದೊಡ್ಡವರಾದ ಮೇಲೆ ನೀವು ಏನಾಗುತ್ತೀರಿ?' ಒಬ್ಬೊಬ್ಬರೂ ಡಾಕ್ಟರ್, ಪೊಲೀಸ್, ನರ್ಸ್ ಎಂದು ಬರೆದರು. ವಿನ್ ಮಾತ್ರ ತಾನು ಕ್ರೀಡೆಯ ವೀಕ್ಷಕ ವಿವರಣೆ ಕೊಡುವವನಾಗುತ್ತೇನೆ ಎಂದು ಬರೆದ! ರೇಡಿಯೋ ಎಂಬುದೇ ಹೊಸತಾಗಿದ್ದ ಕಾಲ. ಹಾಗೊಂದು ಉದ್ಯೋಗವಿದೆಯೆಂದು ಎಷ್ಟು ಜನಕ್ಕೆ ಗೊತ್ತಿತ್ತು? ಸಿಸ್ಟರ್‌ಗೂ ಆಶ್ಚರ್ಯವಾಯಿತು.

ಇನ್ನೊಂದು ಪುಟ್ಟ ಘಟನೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಬೇಕಾಗುತ್ತದೆ. 1936ರ ಅಕ್ಟೋಬರ್ 2. ಶಾಲೆ ಬಿಟ್ಟು ಬರುವಾಗ ಚೀನೀಯರ ಲಾಂಡ್ರಿಯೊಂದರ ಕಿಟಕಿಯಲ್ಲಿ ಅಂದಿನ ಪಂದ್ಯದ ಫಲಿತಾಂಶ ಹಚ್ಚಿದ್ದರು. ಯಾಂಕೀಸ್ 18, ಜೈಂಟ್ಸ್ 4. 'ಅಯ್ಯೋ ಪಾಪ' ಎನಿಸಿತು ಹುಡುಗನಿಗೆ. ಹೀಗೆ ಹೀನಾಯವಾಗಿ ಸೋತ ಜೈಂಟ್ಸ್ ತಂಡದ ಅಭಿಮಾನಿಯಾದ ಅವನಿಗೆ ಬೇಸ್‌ಬಾಲ್ ಅಂದಿನಿಂದ ಅಂಟಿಕೊಂಡಿತು.

ಮಾಳಿಗೆಯ ಮೇಲಿನ ಚಳಿ

ಫೋರ್ಡಮ್ ಯೇಸುಸಭೆಯವರ ವಿಶ್ವವಿದ್ಯಾಲಯ. ವಿನ್ ಓದಿದ್ದು ಅಲ್ಲಿ. ನಡುವೆ ಸ್ವಲ್ಪ ಕಾಲ ನೌಕಾಪಡೆಯಲ್ಲಿದ್ದು ಬಂದರು. ಕಾಲೇಜು ತಂಡದಲ್ಲಿ ಬೇಸ್‌ಬಾಲ್ ಆಡಿದರು, 1947ರಲ್ಲಿ ಆರಂಭವಾದ ಕಾಲೇಜಿನ ಎಫ್‌ಎಂ ರೇಡಿಯೋದಲ್ಲಿ ಪಂದ್ಯಗಳನ್ನು ಹೇಳಿದರು. ಪದವಿ ಮುಗಿಯುವ ಹೊತ್ತಿಗೆ ಪೂರ್ವ ಕರಾವಳಿಯ ಸುಮಾರು 150 ರೇಡಿಯೋ ಕೇಂದ್ರಗಳಿಗೆ ಅರ್ಜಿ ಹಾಕಿದರು. ಕರೆದದ್ದು ಒಂದೇ ಒಂದು, ಅದೂ ವಾಷಿಂಗ್ಟನ್ನಿನಲ್ಲಿ ತಾತ್ಕಾಲಿಕ ಕೆಲಸ. ಮಕ್ಕಳ ಅರ್ಜಿಗಳಿಗೆ ಉತ್ತರ ಬಾರದೆ ಕಾಯುವ ತಂದೆತಾಯಿಯರು ಈ ಲೆಕ್ಕವನ್ನು ಗಮನಿಸಬೇಕು.

ಆಗ ಸಿಬಿಎಸ್ ರೇಡಿಯೋದ ಕ್ರೀಡಾ ವಿಭಾಗದ ಮುಖ್ಯಸ್ಥರಾಗಿದ್ದವರು ರೆಡ್ ಬಾರ್ಬರ್. ಡಾಡ್ಜರ್ಸ್ ತಂಡದ ಹಿರಿಯ ವೀಕ್ಷಕ ವಿವರಣೆಗಾರರೂ ಅವರೇ. ಒಮ್ಮೆ ಅವರನ್ನು ವಿನ್ ಕಂಡು ಬಂದಿದ್ದರು. ಒಂದು ದಿನ ಮನೆಗೆ ಬಂದ ವಿನ್‌ಗೆ ತಾಯಿ ಸಡಗರದಿಂದ, "ರೆಡ್ ಸ್ಕೆಲ್ಟನ್ ಫೋನ್ ಮಾಡಿದ್ದರು!" ಎಂದರಂತೆ. ರೆಡ್ ಸ್ಕೆಲ್ಟನ್ ಆ ಕಾಲದ ಪ್ರಸಿದ್ಧ ಹಾಸ್ಯನಟ. ಪಾಪ, ಆ ತಾಯಿಗೆ ಹೆಸರು ಕಲಸಿಹೋಗಿತ್ತು. ಕರೆದದ್ದು ಬಾರ್ಬರ್. 1949ರ ನವೆಂಬರಿನಲ್ಲಿ ಬಾಸ್ಟನ್ನಿನ ಫೆನ್‌ವೇ ಪಾರ್ಕಿನಲ್ಲಿ ಕಾಲೇಜು ಫುಟ್‌ಬಾಲ್ ಪಂದ್ಯ, ಅದನ್ನು ಹೇಳಲು ಒಬ್ಬರು ಬೇಕಿತ್ತು.

ಬೆಚ್ಚಗಿನ ಕೋಣೆ ಇರುತ್ತದೆಂದು ನಂಬಿದ ಹುಡುಗ ಓವರ್‌ಕೋಟು, ಕೈಗವಸುಗಳನ್ನು ಹೋಟೆಲಿನಲ್ಲೇ ಬಿಟ್ಟು ಹೋದ. ಅಲ್ಲಿ ನೋಡಿದರೆ ಕೋಣೆಯೇ ಇಲ್ಲ! ಕ್ರೀಡಾಂಗಣದ ಮಾಳಿಗೆಯ ಮೇಲೆ ನಿಂತು ಹೇಳಬೇಕು. ಕೈಯಲ್ಲಿ ಮೈಕು, ಹಿಂದೆ ಉದ್ದದ ವಯರು, ಕತ್ತಲಾದಾಗ ಒಂದು ಬಲ್ಬು. ಆಟ ಅತ್ತಿತ್ತ ಸರಿದಂತೆ ಇವರೂ ವಯರು ಎಳೆದುಕೊಂಡು ಮಾಳಿಗೆಯ ಮೇಲೆ ಓಡಾಡಿದರು. ಬಾಸ್ಟನ್ನಿನ ನವೆಂಬರ್ ಚಳಿಯಲ್ಲಿ ಬೆರಳುಗಳು ಮರಗಟ್ಟಿದವು. ಆದರೆ ಇಡೀ ಪಂದ್ಯದಲ್ಲಿ ತನಗೆ ಚಳಿಯಾಗುತ್ತಿದೆ ಎಂದಾಗಲಿ, ಕೋಣೆ ಕೊಟ್ಟಿಲ್ಲ ಎಂದಾಗಲಿ ಒಂದು ಮಾತು ಹೇಳಲಿಲ್ಲ. ಕೇಳುಗರಿಗೆ ಬೇಕಾದದ್ದು ಪಂದ್ಯ, ತನ್ನ ಚಳಿಯಲ್ಲ.

ಕೆಲಸ ಕೆಟ್ಟಿತೆಂದೇ ಅವರು ಬೇಸರದಿಂದ ಮನೆಗೆ ಮರಳಿದ್ದರು. ಕೆಲವು ದಿನಗಳ ನಂತರ ಬಾಸ್ಟನ್ನಿನವರು ವ್ಯವಸ್ಥೆ ಸರಿಯಿಲ್ಲದ್ದಕ್ಕೆ ಬಾರ್ಬರ್ ಅವರಲ್ಲಿ ಕ್ಷಮೆ ಕೇಳಿದಾಗಲೇ ನಿಜ ಸಂಗತಿ ತಿಳಿದದ್ದು. ಮರುಪಂದ್ಯಕ್ಕೂ ಈ ಹುಡುಗನನ್ನೇ ಬಾರ್ಬರ್ ಕಳಿಸಿದರು. ಮರುವರ್ಷ ಡಾಡ್ಜರ್ಸ್ ತಂಡದ ಪಂದ್ಯ ಹೇಳುವ ಕೆಲಸವೂ ಸಿಕ್ಕಿತು. ಅಂದು ಅವರು ಹೇಳದೆ ಉಳಿಸಿದ ಮಾತು ಅವರ ಬದುಕನ್ನು ಕಟ್ಟಿತು.

ಗುರು ಕಲಿಸಿದ ಪಾಠ

ಬಾರ್ಬರ್ ಕಟ್ಟುನಿಟ್ಟಿನ ಗುರು. ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರಬೇಕು, ತಯಾರಿಯಿಲ್ಲದೆ ಮೈಕಿನ ಮುಂದೆ ಕೂರಬಾರದು. ಒಮ್ಮೆ ಪತ್ರಕರ್ತರ ಕೋಣೆಯಲ್ಲಿ ಊಟದ ಜೊತೆ ವಿನ್ ಒಂದು ಬಿಯರ್ ಕುಡಿದುದನ್ನು ಕಂಡು ಚೆನ್ನಾಗಿ ಗದರಿದರು. ಬಾರ್ಬರ್ ಅವರ ಮೇಜಿನ ಮೇಲೆ ಮೊಟ್ಟೆ ಬೇಯಿಸುವಾಗ ಹೊತ್ತು ನೋಡುವ ಮೂರು ನಿಮಿಷದ ಮರಳು ಗಡಿಯಾರ ಇರುತ್ತಿತ್ತು. ಮರಳು ಸುರಿದು ಮುಗಿದಾಗಲೆಲ್ಲ ಸ್ಕೋರು ಹೇಳಬೇಕು. ಏಕೆಂದರೆ ಈಗಷ್ಟೇ ರೇಡಿಯೋ ಹಾಕಿದ ಒಬ್ಬ ಕೇಳುಗ ಎಲ್ಲೋ ಇರುತ್ತಾನೆ, ಅವನನ್ನು ಮರೆಯಬಾರದು.

ಅವರು ಕೊಟ್ಟ ಇನ್ನೊಂದು ಬುದ್ಧಿಮಾತನ್ನು ಸ್ಕಲಿಯವರು ಜೀವನವಿಡೀ ನೆನೆದರು. ಬೇರೆ ವಿವರಣೆಗಾರರನ್ನು ಕೇಳಿ ಅನುಕರಿಸಬೇಡ, ಬೇರೆ ಯಾರ ಬಳಿಯೂ ಇಲ್ಲದ ಒಂದು ವಸ್ತು ನಿನ್ನ ಬಳಿ ಇದೆ, ಅದು ನೀನೇ, ಎಂಬುದು ಅದರ ಸಾರ. 1953ರಲ್ಲಿ ವಿಶ್ವ ಸರಣಿಯ ಪ್ರಸಾರದ ಸಂಭಾವನೆ ವಿಚಾರದಲ್ಲಿ ಮನಸ್ತಾಪವಾಗಿ ಬಾರ್ಬರ್ ಹಿಂದೆ ಸರಿದರು. ಆ ಜಾಗ 25ರ ಹರೆಯದ ಶಿಷ್ಯನಿಗೆ ಬಂತು. ಗುರುವಿನ ಒಪ್ಪಿಗೆ ಕೇಳಿಯೇ ವಿನ್ ಅದನ್ನು ಒಪ್ಪಿಕೊಂಡರು. ವಿಶ್ವ ಸರಣಿಯನ್ನು ಹೇಳಿದ ಅತಿ ಕಿರಿಯ ವ್ಯಕ್ತಿ ಎಂಬ ಹೆಸರೂ ಅವರದಾಯಿತು.

1958ರಲ್ಲಿ ಡಾಡ್ಜರ್ಸ್ ತಂಡ ನ್ಯೂಯಾರ್ಕಿನ ಬ್ರೂಕ್ಲಿನ್ ಬಿಟ್ಟು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸಿಗೆ ಹೋಯಿತು. ಸ್ಕಲಿಯವರೂ ಹೋದರು. ಅಲ್ಲಿ ಮೊದಲ ನಾಲ್ಕು ವರ್ಷ ಪಂದ್ಯಗಳು ನಡೆದದ್ದು ಒಲಿಂಪಿಕ್ ಕೂಟಕ್ಕೆ ಬಳಸಿದ್ದ ಭಾರೀ ಕ್ರೀಡಾಂಗಣದಲ್ಲಿ. ತೊಂಬತ್ತು ಸಾವಿರ ಜನ ಕೂರುವ ಜಾಗ. ಹಿಂದಿನ ಸಾಲಿನವರಿಗೆ ಆಟಗಾರರು ಇರುವೆಗಳಷ್ಟು ಚಿಕ್ಕದಾಗಿ ಕಾಣುತ್ತಿದ್ದರು. ಆಗ ಟ್ರಾನ್ಸಿಸ್ಟರ್ ರೇಡಿಯೋ ಹೊಸದಾಗಿ ಬಂದಿತ್ತು. ಜನ ಅದನ್ನು ಮೈದಾನಕ್ಕೇ ತಂದರು! ಕಣ್ಣೆದುರು ಆಟ ನಡೆಯುತ್ತಿದ್ದರೂ ಏನು ನಡೆಯಿತೆಂದು ತಿಳಿಯಲು ಸ್ಕಲಿಯವರ ಮಾತು ಕೇಳುತ್ತಿದ್ದರು. 1960ರಲ್ಲಿ ಒಂದು ದಿನ ಅಂಪೈರ್ ಒಬ್ಬರ ಹುಟ್ಟುಹಬ್ಬ. 'ಒಂದು, ಎರಡು, ಮೂರು ಎನ್ನುತ್ತೇನೆ, ಎಲ್ಲರೂ ಶುಭಾಶಯ ಹೇಳಿ' ಎಂದು ಸ್ಕಲಿಯವರು ರೇಡಿಯೋದಲ್ಲಿ ಹೇಳಿದ್ದೇ ತಡ, ಇಡೀ ಕ್ರೀಡಾಂಗಣ ಒಟ್ಟಾಗಿ ಕೂಗಿತು. ಅಂಪೈರ್ ತಬ್ಬಿಬ್ಬಾದರು.

ನಮ್ಮಂಥ ಎರಡು ಮೂರು ಭಾಷೆಗಳ ನಡುವೆ ಬಾಳುವವರಿಗೆ ಹಿಡಿಸುವ ಒಂದು ಸಂಗತಿಯೂ ಇದೆ. ಲಾಸ್ ಏಂಜಲೀಸಿನಲ್ಲಿ ಸ್ಪ್ಯಾನಿಷ್ ಮಾತಾಡುವವರು ಲಕ್ಷಗಟ್ಟಲೆ. ಅವರಿಗಾಗಿ 1959ರಿಂದ 2022ರವರೆಗೆ ಡಾಡ್ಜರ್ಸ್ ಪಂದ್ಯಗಳನ್ನು ಸ್ಪ್ಯಾನಿಷಿನಲ್ಲಿ ಹೇಳಿದವರು ಈಕ್ವೆಡಾರ್ ದೇಶದಿಂದ ವಲಸೆ ಬಂದ ಹೈಮೆ ಹರೀನ್. ಆರಂಭದ ವರ್ಷಗಳಲ್ಲಿ ಪರಊರಿನ ಪಂದ್ಯಗಳಿಗೆ ಅವರನ್ನು ಕಳಿಸುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಕುಳಿತು ಸ್ಕಲಿಯವರ ಇಂಗ್ಲಿಷನ್ನು ಕೇಳುತ್ತಾ ತಮ್ಮ ಜನರಿಗೆ ತಮ್ಮ ಮಾತಿನಲ್ಲಿ ಪಂದ್ಯ ಕಟ್ಟಿಕೊಡುತ್ತಿದ್ದರು. ಅಕ್ಕಪಕ್ಕದ ಕೋಣೆಗಳಲ್ಲಿ ಎರಡು ಭಾಷೆಗಳಲ್ಲಿ ಕೆಲಸ ಮಾಡಿದ ಈ ಇಬ್ಬರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸ್ನೇಹಿತರಾಗಿದ್ದರು.

ಸುಮ್ಮನಿದ್ದ ನಾಲ್ಕು ಗಳಿಗೆಗಳು

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಮೊದಲನೆಯದು 1955ರ ಅಕ್ಟೋಬರ್ 4. ತಂಡವಿನ್ನೂ ಬ್ರೂಕ್ಲಿನ್ನಿನಲ್ಲಿದ್ದ ಕಾಲ. ವಿಶ್ವ ಸರಣಿಯಲ್ಲಿ ಅದುವರೆಗೆ ಏಳು ಸಲ ಸೋತಿದ್ದ ತಂಡ ಅಂದು ಮೊದಲ ಬಾರಿ ಗೆದ್ದಿತು. ಬ್ರೂಕ್ಲಿನ್ ಡಾಡ್ಜರ್ಸ್ ವಿಶ್ವ ಚಾಂಪಿಯನ್ನರು ಎಂದು ಒಂದೇ ವಾಕ್ಯ ಹೇಳಿ ಸ್ಕಲಿಯವರು ನಿಲ್ಲಿಸಿದರು. ಅಷ್ಟು ಶಾಂತವಾಗಿ ಹೇಗೆ ಇದ್ದಿರಿ ಎಂದು ಜನ ಆಮೇಲೆ ಕೇಳಿದರು. ಇನ್ನೊಂದು ಮಾತು ಆಡಿದ್ದರೆ ಅತ್ತುಬಿಡುತ್ತಿದ್ದೆ ಎಂಬುದು ಅವರ ಉತ್ತರ.

ಎರಡನೆಯದು 1965ರ ಸೆಪ್ಟೆಂಬರ್ 9. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನು ಎದುರಾಳಿ ತಂಡದ 27 ಬ್ಯಾಟುಗಾರರಲ್ಲಿ ಒಬ್ಬನನ್ನೂ ಮೊದಲ ನೆಲೆ ಮುಟ್ಟಲು ಬಿಡದೆ ಔಟ್ ಮಾಡಿದರೆ ಅದನ್ನು ಪರಿಪೂರ್ಣ ಪಂದ್ಯ ಎನ್ನುತ್ತಾರೆ. ಬಹಳ ಅಪರೂಪ. ಅಂದು ರಾತ್ರಿ ಸ್ಯಾಂಡಿ ಕೋಫ್ಯಾಕ್ಸ್ ಅದನ್ನು ಸಾಧಿಸುವ ಹಂತದಲ್ಲಿದ್ದರು. ಪಂದ್ಯ ಟಿವಿಯಲ್ಲಿ ಇರಲಿಲ್ಲ. ಸ್ಕಲಿಯವರು ಕೊನೆಯ ಇನಿಂಗ್ಸನ್ನು ಟೇಪ್ ಮಾಡಿಸಿದರು. ಮುಂದೊಂದು ದಿನ ಕೋಫ್ಯಾಕ್ಸ್ ಇದನ್ನು ಕೇಳಿದಾಗ ನೆನಪು ಹಸಿರಾಗಲಿ ಎಂದು ನಡುನಡುವೆ ತಾರೀಕು, ಗಂಟೆ, ನಿಮಿಷ ಸಹಿತ ಹೇಳುತ್ತಾ ಹೋದರು. ರಾತ್ರಿ 9 ಗಂಟೆ 46 ನಿಮಿಷಕ್ಕೆ ಕೊನೆಯವನೂ ಔಟ್. ಅದನ್ನು ತಿಳಿಸಿದ್ದೇ ಸ್ಕಲಿಯವರು 38 ಸೆಕೆಂಡು ಬಾಯಿ ತೆರೆಯಲಿಲ್ಲ. ಜನರ ಕೂಗಷ್ಟೇ ಕೇಳಿಸಿತು. ಆ ರಾತ್ರಿಯಿಂದ ಉಳಿದದ್ದು ಆ ಟೇಪು. ಮೈಕಿನ ಮುಂದೆ 38 ಸೆಕೆಂಡು ಎಷ್ಟು ಉದ್ದವೆಂದು ತಿಳಿಯಬೇಕಾದರೆ ಗಡಿಯಾರ ನೋಡುತ್ತಾ ಒಮ್ಮೆ ಸುಮ್ಮನೆ ಕುಳಿತು ನೋಡಿ.

ಮೂರನೆಯದು 1974ರ ಏಪ್ರಿಲ್ 8, ದಕ್ಷಿಣದ ಅಟ್ಲಾಂಟಾ ನಗರ. ನಮ್ಮ ಸಿಕ್ಸರನ್ನು ಹೋಲುವ ಹೊಡೆತಕ್ಕೆ ಅಲ್ಲಿ ಹೋಮ್ ರನ್ ಎನ್ನುತ್ತಾರೆ. ಬೇಬ್ ರೂತ್ ಎಂಬ ಬಿಳಿಯ ಆಟಗಾರರ 714 ಹೋಮ್ ರನ್‌ಗಳ ದಾಖಲೆ 1935ರಿಂದ ಹಾಗೇ ಇತ್ತು. ಅದನ್ನು ಮುರಿಯಲು ಹೊರಟ ಹ್ಯಾಂಕ್ ಆರನ್ ಕಪ್ಪು ಜನಾಂಗದವರು. ಆ ಒಂದು ಕಾರಣಕ್ಕೆ ಅವರಿಗೆ ಕೊಲೆ ಬೆದರಿಕೆಯ ಪತ್ರಗಳು ಬರುತ್ತಿದ್ದವು. ಅಂದು ಡಾಡ್ಜರ್ಸ್ ವಿರುದ್ಧವೇ ಆರನ್ 715ನೆಯ ಹೋಮ್ ರನ್ ಹೊಡೆದರು. ಚೆಂಡು ಬೇಲಿ ದಾಟಿತೆಂದು ಹೇಳಿ ಸ್ಕಲಿಯವರು ಎದ್ದು ಕೋಣೆಯ ಹಿಂಭಾಗಕ್ಕೆ ಹೋಗಿಬಿಟ್ಟರು. ಬಾಣಬಿರುಸುಗಳ ಸದ್ದು, ಜನರ ಕೂಗು. ಆರನ್ ಅವರ ತಾಯಿ ಮೈದಾನಕ್ಕೆ ಬಂದು ಮಗನನ್ನು ಬಿಗಿಯಾಗಿ ಅಪ್ಪಿಕೊಂಡರು. ಬಹಳ ಹೊತ್ತಿನ ನಂತರ ಮರಳಿ ಬಂದ ಸ್ಕಲಿಯವರು ತುಂಬ ಸರಳವಾಗಿ ಒಂದು ಮಾತನ್ನು ಗುರುತಿಸಿ ಹೇಳಿದರು: ದಕ್ಷಿಣದ ಈ ನೆಲದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ, ದೇಶಕ್ಕೂ ಜಗತ್ತಿಗೂ ಇದೊಂದು ಅದ್ಭುತ ಗಳಿಗೆ. ಮೊದಲು ಕೇಳಿಸಿಕೊಂಡದ್ದರಿಂದಲೇ ಅವರಿಗೆ ಆ ಮಾತು ಹೊಳೆಯಿತೆಂದು ನನಗೆ ಅನಿಸುತ್ತದೆ.

ನಾಲ್ಕನೆಯದು 1988ರ ಅಕ್ಟೋಬರ್ 15, ವಿಶ್ವ ಸರಣಿಯ ಮೊದಲ ಪಂದ್ಯ. ಡಾಡ್ಜರ್ಸ್ ತಂಡದ ಕರ್ಕ್ ಗಿಬ್ಸನ್‌ಗೆ ಎರಡೂ ಕಾಲುಗಳಲ್ಲಿ ಪೆಟ್ಟು. ಗಿಬ್ಸನ್ ಆಟಗಾರರ ಸಾಲಿನಲ್ಲೂ ಇಲ್ಲ, ಇಂದು ಆಡುವುದಿಲ್ಲ ಎಂದು ಸ್ಕಲಿಯವರು ಟಿವಿಯಲ್ಲಿ ಹೇಳಿದರು. ಒಳಗಿನ ಕೋಣೆಯಲ್ಲಿ ಮಂಜುಗಡ್ಡೆ ಕಟ್ಟಿಕೊಂಡು ಕುಳಿತಿದ್ದ ಗಿಬ್ಸನ್ ಆ ಮಾತು ಕೇಳಿ ಎದ್ದರು! ಕೊನೆಯ ಗಳಿಗೆಯಲ್ಲಿ, ತಂಡ 4-3ರಿಂದ ಹಿಂದಿದ್ದಾಗ ಕುಂಟುತ್ತಾ ಬಂದು ಹೋಮ್ ರನ್ ಹೊಡೆದು ಪಂದ್ಯ ಗೆಲ್ಲಿಸಿದರು. ಸ್ಕಲಿಯವರು ಮತ್ತೆ ಒಂದು ನಿಮಿಷಕ್ಕೂ ಹೆಚ್ಚು ಕಾಲ ಸುಮ್ಮನಾದರು. ಆಮೇಲೆ ಹೇಳಿದ ಅವರ ಒಂದು ವಾಕ್ಯ ಅಮೆರಿಕದಲ್ಲಿ ಇಂದಿಗೂ ಜನರ ಬಾಯಲ್ಲಿದೆ. ಅಸಂಭವವೇ ತುಂಬಿದ್ದ ಆ ವರ್ಷದಲ್ಲಿ ಅಸಾಧ್ಯವೂ ನಡೆದುಹೋಯಿತು ಎಂಬರ್ಥದ ಮಾತು ಅದು.

ಏಕೆ ಹೀಗೆ ಸುಮ್ಮನಾಗುತ್ತಿದ್ದರು? ಅವರೇ ಹೇಳಿದ ಕಾರಣ ನಮ್ಮನ್ನು ಮತ್ತೆ ಆ ನಾಲ್ಕು ಕಾಲಿನ ರೇಡಿಯೋದ ಅಡಿಗೆ ಕರೆದೊಯ್ಯುತ್ತದೆ. ಎಂಟು ವರ್ಷದ ಹುಡುಗನಿಗೆ ಇಷ್ಟವಾದದ್ದು ಜನರ ಕೂಗು. ಅದನ್ನು ಅವರು ಮರೆಯಲಿಲ್ಲ. ಸಂತೋಷದ ಗಳಿಗೆ ಬಂದಾಗ ತಾವು ಪಕ್ಕಕ್ಕೆ ಸರಿದು, ಆ ಕೂಗನ್ನು ಇನ್ನೊಬ್ಬ ಕೇಳುಗನಿಗೆ ತಲುಪಿಸುತ್ತಿದ್ದರು.

ಮನೆಯೊಳಗಿನ ದುಃಖ

ಇಷ್ಟು ಕೇಳಿದರೆ ಬಲು ಅದೃಷ್ಟವಂತರೆಂದು ನಿಮಗೆ ಅನಿಸಬಹುದು. ಅವರ ಮನೆಯ ಕಥೆ ಬೇರೆ.

1972ರ ಜನವರಿಯಲ್ಲಿ ಪತ್ನಿ ಜೋನ್ ಔಷಧಿಯ ಪ್ರಮಾಣ ಅಕಸ್ಮಾತ್ ಹೆಚ್ಚಾಗಿ ತೀರಿಕೊಂಡರು. ಆಕೆಗೆ ಕೇವಲ 35 ವರ್ಷ. ಸ್ಕಲಿಯವರಿಗೆ 44, ಮೂವರು ಮಕ್ಕಳು. ತಂದೆಯಿಲ್ಲದ ಮನೆ ಹೇಗಿರುತ್ತದೆಂದು ತಿಳಿದಿದ್ದವರು ಈಗ ತಾಯಿಯಿಲ್ಲದ ಮನೆ ನಡೆಸಬೇಕಾಯಿತು. ಮರುವರ್ಷ ಸಾಂಡ್ರಾ ಎಂಬಾಕೆಯನ್ನು ಮದುವೆಯಾದರು. ಆಕೆಗೂ ಇಬ್ಬರು ಮಕ್ಕಳಿದ್ದರು, ಮುಂದೆ ಇನ್ನೊಂದು ಮಗಳು ಹುಟ್ಟಿದಳು. ಎರಡು ಮುರಿದ ಮನೆಗಳು ಸೇರಿ ಒಂದು ದೊಡ್ಡ ಸಂಸಾರವಾಯಿತು.

1994ರ ಜನವರಿಯಲ್ಲಿ ಲಾಸ್ ಏಂಜಲೀಸಿನ ನಾರ್ತ್‌ರಿಜ್ ಪ್ರದೇಶದಲ್ಲಿ ದೊಡ್ಡ ಭೂಕಂಪ. ತೈಲ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ ಹಿರಿಯ ಮಗ ಮೈಕೆಲ್, ಭೂಕಂಪದಿಂದ ತೈಲದ ಕೊಳವೆಗಳು ಒಡೆದಿವೆಯೇ ಎಂದು ಹೆಲಿಕಾಪ್ಟರಿನಲ್ಲಿ ನೋಡಲು ಹೋದವನು ಅಪಘಾತದಲ್ಲಿ ತೀರಿಹೋದ. ವಯಸ್ಸು 33.

ಹೆಂಡತಿ ಹೋದಾಗಲೂ ಮಗ ಹೋದಾಗಲೂ ಬೇಸ್‌ಬಾಲ್ ಋತು ಬಂದಂತೆ ಅವರು ಮೈಕಿನ ಮುಂದೆ ಬಂದು ಕುಳಿತರು. ಎಂದಿನ ಆ ನಮಸ್ಕಾರ, 'ನೀವು ಎಲ್ಲೇ ಇರಿ, ನಿಮಗೆಲ್ಲ ಶುಭ ಸಂಜೆ' ಎನ್ನುವ ಅದೇ ದನಿ. ತಮ್ಮ ದುಃಖವನ್ನು ಕೇಳುಗರ ಮೇಲೆ ಹೊರಿಸಲಿಲ್ಲ. ಆದರೆ ದುಃಖವೇ ಇಲ್ಲವೆಂದೂ ನಟಿಸಲಿಲ್ಲ. ಬಿಡುವಿನಲ್ಲಿ ಯಾರಾದರೂ ಕೇಳಿದರೆ, ತಮ್ಮನ್ನು ಎತ್ತಿ ನಿಲ್ಲಿಸಿದ್ದು ವಿಶ್ವಾಸ ಎನ್ನುತ್ತಿದ್ದರು. ಸಾವನ್ನು ಹತ್ತಿರದಿಂದ ಬಲ್ಲ ಧರ್ಮ ನಮ್ಮದು, ನನ್ನ ಬಳಿ ಇರುವುದೆಲ್ಲ ಕ್ಷಣದಲ್ಲಿ ಹೋಗಬಹುದೆಂದು ಅದು ನನಗೆ ಕಲಿಸಿದೆ ಎಂಬ ಅರ್ಥದ ಮಾತನ್ನೂ ಆಡಿದ್ದಾರೆ. ಋತುವಿನಲ್ಲಿ 162 ಪಂದ್ಯಗಳು, ಅವುಗಳಲ್ಲಿ ಅರ್ಧ ಪರಊರಿನಲ್ಲಿ. ಹೀಗೆ ಮನೆಯಿಂದ ದೂರವಿದ್ದು ತನ್ನಲ್ಲಿರುವ ಅತ್ಯಮೂಲ್ಯ ವಸ್ತುವಾದ ಸಮಯವನ್ನೇ ಕಳೆಯುತ್ತಿದ್ದೇನೆ ಎಂದೂ ಒಪ್ಪಿಕೊಂಡಿದ್ದರು. ಗಲ್ಫಿನಲ್ಲೋ ಬೆಂಗಳೂರು ಮುಂಬಯಿಗಳಲ್ಲೋ ದುಡಿಯುವವರು ಇರುವ ನಮ್ಮ ಮನೆಗಳಿಗೆ ಈ ಮಾತಿನ ಭಾರ ಗೊತ್ತು.

ಭಾನುವಾರ ಪಂದ್ಯವಿದ್ದಾಗ ಕ್ರೀಡಾಂಗಣದಲ್ಲಿಯೇ ನಡೆಯುತ್ತಿದ್ದ ಬಲಿಪೂಜೆಗೆ ಸ್ಕಲಿಯವರು ಹೋಗುತ್ತಿದ್ದರು, ವಾಚನವನ್ನೂ ಓದುತ್ತಿದ್ದರು. ನಿವೃತ್ತಿಯ ವರ್ಷವಾದ 2016ರಲ್ಲಿ ಅವರ ದನಿಯಲ್ಲಿ ಜಪಮಾಲೆಯ ಧ್ವನಿಮುದ್ರಣ ಹೊರಬಂತು. ಲಕ್ಷಾಂತರ ಜನ ಪಂದ್ಯ ಕೇಳಿದ ಅದೇ ದನಿ, ಅದೇ ನಿಧಾನದಲ್ಲಿ, ರಹಸ್ಯಗಳನ್ನು ಒಂದೊಂದಾಗಿ ಹೇಳುತ್ತದೆ.

ಕೊನೆಯ ಪಂದ್ಯ

2016ರ ಸೆಪ್ಟೆಂಬರ್ 25ರಂದು ಲಾಸ್ ಏಂಜಲೀಸಿನಲ್ಲಿ ಅವರ ಕೊನೆಯ ಪಂದ್ಯ. ಮುಗಿದ ಮೇಲೆ ಜನ ಮೈದಾನ ಬಿಟ್ಟು ಕದಲದೆ ಮೇಲಿನ ಕೋಣೆಯತ್ತ ಮುಖ ಮಾಡಿ ನಿಂತರು. ನಿಮಗೆ ನನ್ನ ಅಗತ್ಯ ಇದ್ದದ್ದಕ್ಕಿಂತ ಹೆಚ್ಚಾಗಿ ನನಗೆ ನಿಮ್ಮ ಅಗತ್ಯವಿತ್ತು ಎಂದರು ಸ್ಕಲಿಯವರು.

ಅವರ ಕಟ್ಟಕಡೆಯ ಪಂದ್ಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ದಿನಾಂಕ 2016ರ ಅಕ್ಟೋಬರ್ 2. ಎದುರಾಳಿ ಯಾರು ಗೊತ್ತೆ? ಜೈಂಟ್ಸ್! ಡಾಡ್ಜರ್ಸ್ ಹೋದ ಹೊತ್ತಿಗೇ ಆ ತಂಡವೂ ನ್ಯೂಯಾರ್ಕ್ ಬಿಟ್ಟು ಅಲ್ಲಿಗೆ ಹೋಗಿ ನೆಲೆಸಿತ್ತು. ಲಾಂಡ್ರಿಯ ಕಿಟಕಿಯಲ್ಲಿ ಫಲಿತಾಂಶ ಓದಿ ಒಬ್ಬ ಹುಡುಗ 'ಅಯ್ಯೋ ಪಾಪ' ಎಂದುಕೊಂಡು ಅಂದಿಗೆ ಸರಿಯಾಗಿ 80 ವರ್ಷ.

ಆ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರಿಂದ ದೇಶದ ಅತ್ಯುನ್ನತ ನಾಗರಿಕ ಪದಕ ಬಂತು. ವಿಷಯ ತಿಳಿಸಲು ಫೋನ್ ಮಾಡಿದಾಗ, "ಖಂಡಿತವೇ? ನಾನು ಬರೇ ಒಬ್ಬ ಮುದಿ ಬೇಸ್‌ಬಾಲ್ ವಿವರಣೆಗಾರ" ಎಂದರಂತೆ. ಆಮೇಲೆ ಮನೆಯಲ್ಲೇ ಉಳಿದರು. ಸಾಂಡ್ರಾ ಅವರಿಗೆ ನರಗಳನ್ನು ಕುಗ್ಗಿಸುವ ಎಎಲ್‌ಎಸ್ ಕಾಯಿಲೆ. 2020ರಲ್ಲಿ ಸ್ಕಲಿಯವರು ತಮ್ಮ ಪದಕ, ಸ್ಮರಣಿಕೆಗಳನ್ನು ಹರಾಜು ಹಾಕಿ, ಬಂದ ಹಣದಲ್ಲಿ ಒಂದು ಪಾಲನ್ನು ಅಂಥ ಕಾಯಿಲೆಗಳ ಸಂಶೋಧನೆಗೆ ಕೊಟ್ಟರು, ಉಳಿದದ್ದು ಮಕ್ಕಳಿಗೆ. 2021ರ ಜನವರಿಯಲ್ಲಿ ಸಾಂಡ್ರಾ ತೀರಿಕೊಂಡರು. 2022ರ ಆಗಸ್ಟ್ 2ರಂದು, ತಮ್ಮ 94ನೆಯ ವಯಸ್ಸಿನಲ್ಲಿ ಸ್ಕಲಿಯವರೂ ಹೊರಟುಹೋದರು. ಆ ರಾತ್ರಿ ಡಾಡ್ಜರ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೈಂಟ್ಸ್ ವಿರುದ್ಧವೇ ಆಡುತ್ತಿತ್ತು.

ನಮ್ಮ ಮನೆಗಳಲ್ಲಿ

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ನಮ್ಮ ಗಾದೆ. ಮಾತು ಬಲ್ಲವನೆಂದರೆ ಮಾತು ನಿಲ್ಲಿಸಲೂ ಬಲ್ಲವನು ಎಂದು ಸ್ಕಲಿಯವರ ಬದುಕನ್ನು ಓದುವಾಗ ನನಗೆ ತಿಳಿಯಿತು. ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಹರೆಯದ ಮಗನನ್ನು ಕಳೆದುಕೊಂಡ ಒಂದು ಮನೆಗೆ ಹೋಗಿದ್ದೆ. ಸುಮ್ಮನಿರಲಾಗದೆ 'ಎಲ್ಲ ದೇವರ ಚಿತ್ತ, ಧೈರ್ಯ ತಂದುಕೊಳ್ಳಿ' ಎಂದು ಏನೇನೋ ಹೇಳುತ್ತಲೇ ಹೋದೆ. ಆ ತಾಯಿ ತಲೆಯಾಡಿಸುತ್ತಿದ್ದರು, ಅಷ್ಟೆ. ನಾನು ಎದ್ದು ಹೊರಟಾಗ ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು ಒಂದೂ ಮಾತಾಡದೆ ಆಕೆಯ ಕೈಹಿಡಿದು ಪಕ್ಕದಲ್ಲಿ ಕುಳಿತರು. ಆಗ ಆ ತಾಯಿ ಮಗನ ಬಗ್ಗೆ ಹೇಳತೊಡಗಿದರು. ಅವನು ಏನು ಉಣ್ಣುತ್ತಿದ್ದ, ಹೇಗೆ ನಗುತ್ತಿದ್ದ... ಅಷ್ಟು ಹೊತ್ತು ಆಕೆಗೆ ಮಾತಾಡಲು ಜಾಗ ಕೊಡದವನು ನಾನೇ ಎಂದು ಬಾಗಿಲಲ್ಲಿ ನಿಂತು ಅರ್ಥವಾಯಿತು.

ಸಂತೋಷದಲ್ಲೂ ಹಾಗೆಯೇ. ಮಗಳು ಶಾಲೆಯಿಂದ ಓಡಿ ಬಂದು ಏನೋ ಹೇಳಲು ಬಾಯಿ ತೆರೆದರೆ ನಾವು 'ಮೊದಲು ಕೈಕಾಲು ತೊಳಿ, ಗಣಿತದಲ್ಲಿ ಎಷ್ಟು ಬಂತು' ಎಂದು ಶುರು ಮಾಡುತ್ತೇವೆ. ಗಂಡ ಹೇಳುವುದನ್ನು ಹೆಂಡತಿ, ಹೆಂಡತಿ ಹೇಳುವುದನ್ನು ಗಂಡ ಪೂರ್ತಿ ಕೇಳಿ ಎಷ್ಟು ದಿನವಾಯಿತು? ಈಗ ಊಟದ ಹೊತ್ತಿನಲ್ಲೂ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು.

ಈ ತಿಂಗಳು ಒಂದು ಸಂಜೆ, ಜಪಮಾಲೆ ಮುಗಿದ ಮೇಲೆ, ಮನೆಯ ಕಿರಿಯ ಮಗುವಿಗೆ 'ಇವತ್ತು ಏನಾಯಿತು ಹೇಳು' ಎನ್ನೋಣ. ಮಗು ಹೇಳಿ ಮುಗಿಸುವವರೆಗೆ ದೊಡ್ಡವರು ಯಾರೂ ನಡುವೆ ಬಾಯಿ ಹಾಕುವುದು ಬೇಡ. 38 ಸೆಕೆಂಡಿಗಿಂತ ಸ್ವಲ್ಪ ಹೆಚ್ಚೇ ಬೇಕಾದೀತು. ಪರವಾಗಿಲ್ಲ, ಕಾಯೋಣ.